ದೊಡ್ಡಪ್ಪನ ಲೋಟಗಳು ಮತ್ತು ಒಬ್ಬ ಚರಿತ್ರೆಕಾರ

ನಮ್ಮ ದೊಡ್ಡಪ್ಪನ ಹೋಟ್ಲು ಊರಿನ ಬಸ್ ನಿಲ್ಲುವ ಜಾಗಕ್ಕೆ ಎದುರಿಗಿತ್ತು. ಹೋಟ್ಲು ಅಂದರೆ ಎರಡು ಬೆಂಚು, ಒಂದು ಒಲೆ, ಒಂದು ಗಲ್ಲಾಪೆಟ್ಟಿಗೆ, ಮೇಲೆ ನಾಡಹೆಂಚು. ಬೆಳಿಗ್ಗೆ ಇಡ್ಲಿ, ಸಂಜೆ ಬೋಂಡ, ದಿನವಿಡೀ ಟೀ. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆ. ಒಳಗೆ ಕೂತವರಿಗೆ ಸ್ಟೀಲ್ ಲೋಟ. ಕಾಲೊನಿಯಿಂದ ಬಂದವರು ಹೊರಗೆ ನಿಂತು, ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಗಾಜಿನ ಲೋಟ ತೆಗೆದುಕೊಂಡು, ತಾವೇ ತೊಳೆದು ಹಿಡಿಯಬೇಕಿತ್ತು. ದೊಡ್ಡಪ್ಪ ಮೇಲಿನಿಂದ ಟೀ ಹೊಯ್ಯುತ್ತಿದ್ದರು. ಕುಡಿದಾದ ಮೇಲೆ ಮತ್ತೆ ತೊಳೆದು ಅದೇ ಸಂದಿಗೆ ಸಿಕ್ಕಿಸಿ ಹೋಗಬೇಕು. ನನ್ನ ಕ್ಲಾಸಿನಲ್ಲೇ, ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬ ತನ್ನ ಅಪ್ಪನ ಜೊತೆ ಬಂದಾಗ ಆ ಸೂರಿನ ಕೆಳಗೆ ನಿಲ್ಲುತ್ತಿದ್ದ. ಆಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು.

ನಾನು ಡಿಗ್ರಿ ಮುಗಿಸುವ ಹೊತ್ತಿಗೆ ಸೂರಿನ ಲೋಟಗಳು ಮಾಯವಾಗಿದ್ದವು. ಆ ಜಾಗಕ್ಕೆ ಪ್ಲಾಸ್ಟಿಕ್ ಲೋಟ ಬಂದಿತ್ತು. ನನಗೆ ಖುಷಿಯೋ ಖುಷಿ. ಕಾಲ ಬದಲಾಯಿತು ಅಂದುಕೊಂಡೆ. ಒಂದು ವಾರ ಊರಲ್ಲಿ ಇದ್ದ ಮೇಲೆ ಗೊತ್ತಾಯಿತು: ಪ್ಲಾಸ್ಟಿಕ್ ಲೋಟ ಕಾಲೊನಿಯವರಿಗೆ ಮಾತ್ರ. ಮಿಕ್ಕವರಿಗೆ ಅದೇ ಸ್ಟೀಲು. ತೊಳೆಯುವ ಕೆಲಸವೂ ತಪ್ಪಿತು, ಮುಟ್ಟುವ ಪ್ರಮೇಯವೂ ತಪ್ಪಿತು, ನೋಡಿದವರಿಗೆ ಏನೂ ಕಾಣುವುದಿಲ್ಲ.

ಈ ಲೋಟವನ್ನು ಹಿಡಿದುಕೊಂಡೇ ನಾನು ಮೈಸೂರಿಗೆ ಎಂ.ಎ. ಓದಲು ಹೋದೆ ಅನ್ನಬಹುದು. ಎರಡನೇ ವರ್ಷ ಸೆಮಿನಾರಿಗೆ ಒಂದು ಪ್ರಬಂಧ ಬರೆದೆ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯೂ ನಮ್ಮೂರ ಅಸ್ಪೃಶ್ಯತೆಯೂ ಒಂದೇ ಎನ್ನುವುದು ಅದರ ವಾದ. ಅಲ್ಲಿ ಬೇರೆ ಬೆಂಚು, ಇಲ್ಲಿ ಬೇರೆ ಲೋಟ. ಅಲ್ಲಿ ಬೇರೆ ಬಡಾವಣೆ, ಇಲ್ಲಿ ಬೇರೆ ಕೇರಿ. ಹೀಗೆ ಹದಿನಾಲ್ಕು ಪುಟ. ಓದಿ ಮುಗಿಸಿದಾಗ ಸಹಪಾಠಿಗಳು ಚಪ್ಪಾಳೆ ತಟ್ಟಿದರು. ನಮ್ಮ ಮೇಷ್ಟ್ರು ತಟ್ಟಲಿಲ್ಲ. ಅವರು ಚರಿತ್ರೆಯ ಮೇಷ್ಟ್ರಾದರೂ ಹಳಗನ್ನಡ ಓದಿಕೊಂಡವರು.

“ಇದು ಉಪಮೆ ಕಣಯ್ಯ, ಹೋಲಿಕೆ ಅಲ್ಲ,” ಅಂದರು. “ಉಪಮಾಲಂಕಾರದಲ್ಲಿ ಮುಖ ಚಂದ್ರನ ಹಾಗಿದೆ ಅಂದರೆ ಸಾಕು. ಚಂದ್ರನಿಗೆ ಮೂಗಿಲ್ಲವಲ್ಲ ಅಂತ ಯಾರೂ ಕೇಳಲ್ಲ. ಚರಿತ್ರೆ ಬರೆಯೋನು ಮೂಗಿನ ವಿಷಯಾನೂ ಹೇಳಬೇಕು. ಹೋಲೋದನ್ನ ಹೇಳಿದ್ದೀಯ. ಹೋಲದ್ದನ್ನೂ ಹೇಳಬೇಕು.”

ಮಾರನೇ ದಿನ ಅವರು ನನ್ನ ಕೈಗೆ ಕೊಟ್ಟಿದ್ದು ಜಾರ್ಜ್ ಫ್ರೆಡ್ರಿಕ್‌ಸನ್ ಎಂಬ ಅಮೆರಿಕನ್ ಚರಿತ್ರೆಕಾರನ ‘ವೈಟ್ ಸುಪ್ರಿಮಸಿ’ ಪುಸ್ತಕದ ಜೆರಾಕ್ಸ್ ಪ್ರತಿ. 1981ರಲ್ಲಿ ಬಂದ ಪುಸ್ತಕ. ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ ಎರಡರಲ್ಲೂ ಬಿಳಿಯರ ಮೇಲಾಳ್ವಿಕೆ ಹೇಗೆ ಬೆಳೆಯಿತು ಎಂದು ಪಕ್ಕಪಕ್ಕ ಇಟ್ಟು ಮುನ್ನೂರು ವರ್ಷಗಳ ಕಥೆ ಹೇಳುವ ಗ್ರಂಥ. ಅಂದಿನಿಂದ ಈ ಮನುಷ್ಯ ನನ್ನನ್ನು ಬಿಟ್ಟಿಲ್ಲ. ಅವರ ಒಂದೊಂದೇ ಪುಸ್ತಕ ಹುಡುಕಿ ಓದುತ್ತಾ ಹೋದ ಹಾಗೆ, ಪುಸ್ತಕಗಳಿಗಿಂತ ಅವುಗಳ ಸಾಲು ನನಗೆ ಹೆಚ್ಚು ಪಾಠ ಹೇಳಿತು.

ಫ್ರೆಡ್ರಿಕ್‌ಸನ್ ಹುಟ್ಟಿದ್ದು 1934ರಲ್ಲಿ, ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಲ್ಲಿ. ಬೆಳೆದದ್ದು ಸೌತ್ ಡಕೋಟದ ಸೂ ಫಾಲ್ಸ್ ಊರಿನಲ್ಲಿ. ಕಪ್ಪು ಜನ ಬಲು ವಿರಳವಾಗಿದ್ದ ರಾಜ್ಯ ಅದು. ಹಾರ್ವರ್ಡ್‌ನಲ್ಲಿ ಓದಿದರು, ನಾರ್ವೆಗೆ ಒಂದು ವರ್ಷ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಹೋದರು, ನೌಕಾಪಡೆಯಲ್ಲಿ ಕೆಲಸ ಮಾಡಿದರು, ಮತ್ತೆ ಹಾರ್ವರ್ಡಿಗೆ ಬಂದು 1964ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸುಮಾರು ಹದಿನೆಂಟು ವರ್ಷ, 1984ರಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ನಿವೃತ್ತರಾಗುವ ತನಕ ಪಾಠ. ಇಷ್ಟೇ ಜೀವನ ಚರಿತ್ರೆ. ಜೈಲಿಗೆ ಹೋದವರಲ್ಲ, ಭಾಷಣಕಾರರಲ್ಲ. ಒಬ್ಬ ಬಿಳಿಯ ಮೇಷ್ಟ್ರು.

ಅವರ ಮೊದಲ ಪುಸ್ತಕ 1965ರ ‘ದಿ ಇನ್ನರ್ ಸಿವಿಲ್ ವಾರ್’. ಅಮೆರಿಕದ ಅಂತರ್ಯುದ್ಧ ಉತ್ತರದ ಬುದ್ಧಿಜೀವಿಗಳ ಮನಸ್ಸಿನೊಳಗೆ ಏನು ಮಾಡಿತು ಎನ್ನುವುದು ಅದರ ವಸ್ತು. ಅಂದರೆ ತಾವು ಓದಿದ ಹಾರ್ವರ್ಡ್‌ನಂಥ ಕಡೆ ಓದಿ ಬೆಳೆದ, ತಮ್ಮಂಥದೇ ಜನರ ಬಗ್ಗೆ. ಎರಡನೆಯದು 1971ರ ‘ದಿ ಬ್ಲ್ಯಾಕ್ ಇಮೇಜ್ ಇನ್ ದಿ ವೈಟ್ ಮೈಂಡ್’. ಹೆಸರೇ ಹೇಳುವಂತೆ ಅದು ಕಪ್ಪು ಜನರ ಬಗ್ಗೆ ಅಲ್ಲ, ಬಿಳಿಯರ ತಲೆಯೊಳಗೆ ಇದ್ದ ಕಪ್ಪು ಜನರ ಚಿತ್ರದ ಬಗ್ಗೆ. 1817ರಿಂದ 1914ರವರೆಗೆ ಆ ಚಿತ್ರ ಹೇಗೆ ಹೇಗೆ ಬಣ್ಣ ಬದಲಿಸಿತು ಎಂದು ಅವರು ತೋರಿಸುತ್ತಾರೆ. ದ್ವೇಷಿಸಿದವರ ಕಥೆ ಎಲ್ಲರೂ ಬರೆಯುತ್ತಾರೆ. ಫ್ರೆಡ್ರಿಕ್‌ಸನ್ ಹೊಗಳಿದವರನ್ನೂ ಬಿಡಲಿಲ್ಲ. ಗುಲಾಮಗಿರಿಯನ್ನು ವಿರೋಧಿಸಿದ ಎಷ್ಟೋ ಒಳ್ಳೆಯ ಬಿಳಿಯರು, ಕಪ್ಪು ಜನ ಹುಟ್ಟಿನಿಂದಲೇ ಸಾಧುಗಳು, ಮಕ್ಕಳಂಥವರು, ದೈವಭಕ್ತರು ಎಂದು ನಂಬಿದ್ದರು. ಈ ನಂಬಿಕೆಗೆ ಅವರು ರಮ್ಯ ಜನಾಂಗವಾದ ಎಂಬ ಅರ್ಥದ ಹೆಸರಿಟ್ಟರು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲೂ ಅದರ ಎಳೆ ಇದೆ ಎಂದರು.

ಅದನ್ನು ಓದಿದ ರಾತ್ರಿ ನನಗೆ ನೆನಪಾಗಿದ್ದು ನಮ್ಮ ಅಜ್ಜಿ. ಅಜ್ಜಿ ಯಾರನ್ನೂ ಬೈದವರಲ್ಲ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಗೆಳೆಯನ ಅಜ್ಜನಿಗೆ ಹಬ್ಬದ ದಿನ ಮೊದಲು ಊಟ ಬಡಿಸುತ್ತಿದ್ದರು, ಹಿತ್ತಲಲ್ಲಿ. “ಪಾಪ, ಅವ್ರು ಹಸುಗೂಸಿನಂತೋರು ಮಗ, ಕಪಟ ಗೊತ್ತಿಲ್ಲ,” ಅನ್ನುತ್ತಿದ್ದರು. ಆ ಮಾತನ್ನು ನಾನು ಅಜ್ಜಿಯ ದೊಡ್ಡ ಮನಸ್ಸು ಎಂದೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಎಲ್ಲೋ ಅಮೆರಿಕದ ಒಬ್ಬ ಮೇಷ್ಟ್ರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. ಹಸುಗೂಸಿಗೆ ಹಾಲು ಕೊಡುತ್ತಾರೆ, ಗದ್ದೆ ಬರೆದುಕೊಡುವುದಿಲ್ಲ.

ಇನ್ನು ‘ವೈಟ್ ಸುಪ್ರಿಮಸಿ’ಯ ಮಾತು. ಎರಡು ದೇಶಗಳ ನಡುವೆ ಹೋಲುವ ಸಂಗತಿಗಳು ಕಣ್ಣಿಗೆ ಹೊಡೆಯುವಷ್ಟಿವೆ. ಇಂಗ್ಲಿಷರು ವರ್ಜೀನಿಯಾದಲ್ಲಿ ನೆಲೆ ಊರಿದ್ದು 1607ರಲ್ಲಿ, ಡಚ್ಚರು ಕೇಪ್‌ನಲ್ಲಿ ಇಳಿದದ್ದು 1652ರಲ್ಲಿ. ಎರಡೂ ಕಡೆ ಮೂಲನಿವಾಸಿಗಳ ನೆಲ ಕಿತ್ತುಕೊಳ್ಳಲಾಯಿತು, ಎರಡೂ ಕಡೆ ಗುಲಾಮರನ್ನು ತರಲಾಯಿತು, ಎರಡೂ ಕಡೆ ಗುಲಾಮಗಿರಿ ಹೋದ ಮೇಲೆ ಪ್ರತ್ಯೇಕತೆ ಬಂತು. ನಾನಾಗಿದ್ದರೆ ಅಲ್ಲಿಗೇ ಪುಸ್ತಕ ಮುಗಿಸುತ್ತಿದ್ದೆ. ಫ್ರೆಡ್ರಿಕ್‌ಸನ್ ಅಲ್ಲಿಂದ ಶುರುಮಾಡುತ್ತಾರೆ.

ಬಣ್ಣದ ಗೆರೆಯನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಪೂರ್ವಿಕರಲ್ಲಿ ಒಬ್ಬರು ಕಪ್ಪು ಜನರಾಗಿದ್ದರೂ ಸಾಕು, ಅವನು ಕಪ್ಪು. ದಕ್ಷಿಣ ಆಫ್ರಿಕಾದಲ್ಲಿ ಬೆರಕೆಯವರಿಗೆ ‘ಕಲರ್ಡ್’ ಎಂಬ ನಡುವಿನ ಒಂದು ಪಂಗಡವೇ ಹುಟ್ಟಿತು. ಸಂಖ್ಯೆ ತೆಗೆದುಕೊಳ್ಳಿ. ಅಮೆರಿಕದಲ್ಲಿ ಕಪ್ಪು ಜನ ಅಲ್ಪಸಂಖ್ಯಾತರು, ಹತ್ತರಲ್ಲೊಬ್ಬರಿಗಿಂತ ತುಸು ಹೆಚ್ಚು. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕನ್ನರೇ ಮೂರರಲ್ಲಿ ಎರಡು ಪಾಲು. ಹಾಗಾಗಿ ಅಮೆರಿಕದ ದಕ್ಷಿಣ ರಾಜ್ಯಗಳ ಜಿಮ್ ಕ್ರೋ ಕಾನೂನುಗಳು ಮುಖ್ಯವಾಗಿ ಒಂದೇ ಊರಿನ ಒಳಗೆ ರೈಲು ಬೋಗಿ, ಶಾಲೆ, ಹೋಟೆಲು, ನೀರಿನ ನಲ್ಲಿ ಇವುಗಳನ್ನು ಬೇರೆ ಮಾಡಿದವು. ದಕ್ಷಿಣ ಆಫ್ರಿಕಾದ ಕಾನೂನು ನೆಲವನ್ನೇ ಬೇರೆ ಮಾಡಿತು. 1913ರ ನೇಟಿವ್ಸ್ ಲ್ಯಾಂಡ್ ಆ್ಯಕ್ಟ್ ಆಫ್ರಿಕನ್ನರಿಗೆ ಬಿಟ್ಟುಕೊಟ್ಟದ್ದು ದೇಶದ ನೆಲದಲ್ಲಿ ಸುಮಾರು ನೂರಕ್ಕೆ 7 ಪಾಲು, 1936ರಲ್ಲಿ ಅದನ್ನು 13ರ ಆಸುಪಾಸಿಗೆ ಏರಿಸಿದರು. ಜೊತೆಗೆ ಪಾಸ್ ಕಾನೂನು: ನಗರಕ್ಕೆ, ಗಣಿಗೆ ದುಡಿಯಲು ಬಾ, ದುಡಿದು ಹೋಗು, ಉಳಿಯಬೇಡ. 1948ರಲ್ಲಿ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ ಬಂದ ಅಪಾರ್ಥೈಡ್ ಈ ಬುನಾದಿಯ ಮೇಲೆ ಕಟ್ಟಿದ ಮನೆ. ಎರಡನ್ನೂ ಪ್ರತ್ಯೇಕತೆ ಎಂದು ಒಂದೇ ಹೆಸರಿಂದ ಕರೆದರೂ ಅವು ಮಾಡುತ್ತಿದ್ದ ಕೆಲಸ ಬೇರೆ ಬೇರೆ.

ಇನ್ನೊಂದು ಮಾತು ನನಗೆ ಹೊಡೆತ ಕೊಟ್ಟಿತು. ಪ್ರತ್ಯೇಕತೆ ಹಳೆಯ ಕಾಲದ ಪಳೆಯುಳಿಕೆಯಲ್ಲ. ಅಮೆರಿಕದ ಮಟ್ಟಿಗೆ ಈ ಚರ್ಚೆಯನ್ನು ಶುರುಮಾಡಿದವರು ಸಿ. ವ್ಯಾನ್ ವುಡ್‌ವರ್ಡ್, 1955ರ ‘ದಿ ಸ್ಟ್ರೇಂಜ್ ಕೆರಿಯರ್ ಆಫ್ ಜಿಮ್ ಕ್ರೋ’ ಪುಸ್ತಕದಲ್ಲಿ. ಬಿಗಿಯಾದ ಪ್ರತ್ಯೇಕತೆಯ ಕಾನೂನುಗಳು ಅನಾದಿಯಿಂದ ಬಂದವಲ್ಲ, ಹತ್ತೊಂಬತ್ತನೇ ಶತಮಾನದ ಕೊನೆಗೆ ಮಾಡಿಕೊಂಡವು ಎಂದರು ಅವರು. ಫ್ರೆಡ್ರಿಕ್‌ಸನ್ ಅದೇ ಮಾತನ್ನು ನೆನಪಿಸುತ್ತಾ ತಮ್ಮ ಕೊನೆಯ ಅಧ್ಯಾಯಕ್ಕೆ ‘ಪ್ರತ್ಯೇಕತೆಯ ಎರಡು ವಿಚಿತ್ರ ಪಯಣಗಳು’ ಎಂಬ ಅರ್ಥದ ಹೆಸರಿಟ್ಟರು. 1982ರಲ್ಲಿ ಜಾನ್ ಸೆಲ್ ಎಂಬ ಇನ್ನೊಬ್ಬ ಚರಿತ್ರೆಕಾರ ಇದೇ ಎರಡು ದೇಶಗಳನ್ನು ಹೋಲಿಸಿ, ಪ್ರತ್ಯೇಕತೆ ಹಳ್ಳಿಯ ಹಿಂದುಳಿದವರ ಕೂಸಲ್ಲ, ನಗರ, ಕಾರ್ಖಾನೆ, ರೈಲುಗಳ ಕಾಲದ ಕೂಸು ಎಂದು ಇನ್ನೂ ಗಟ್ಟಿಯಾಗಿ ವಾದಿಸಿದರು. ಗುಲಾಮ ಮತ್ತು ಯಜಮಾನ ಒಂದೇ ಮನೆಯಲ್ಲಿ ಇರಬಹುದು, ಅವರ ಸ್ಥಾನಮಾನದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಇಬ್ಬರೂ ಒಂದೇ ಟಿಕೆಟ್ ಕೊಂಡು ಒಂದೇ ಬೋಗಿ ಹತ್ತಿದಾಗಲೇ ಗೆರೆ ಎಳೆಯುವ ಅಗತ್ಯ ಬೀಳುವುದು.

ನಮ್ಮ ದೊಡ್ಡಪ್ಪನ ಪ್ಲಾಸ್ಟಿಕ್ ಲೋಟ ಆಗ ನನಗೆ ಅರ್ಥವಾಯಿತು. ಅದು ಸೂರಿನ ಲೋಟದ ಪಳೆಯುಳಿಕೆ ಅಲ್ಲ, ಹೊಸ ಮಾಲು. ಕಾಲೊನಿಯ ಹುಡುಗರು ಓದಿ, ಬೆಂಗಳೂರಿನಲ್ಲಿ ದುಡಿದು, ಪ್ಯಾಂಟು ಷರಟು ಹಾಕಿಕೊಂಡು ಬಂದು ಜೇಬಿನಿಂದ ನೋಟು ತೆಗೆದು ಟೀ ಕೇಳುವ ಕಾಲ ಬಂದಾಗ, ಲೋಟ ತೊಳೆದಿಡು ಎಂದು ಹೇಳುವ ಧೈರ್ಯ ದೊಡ್ಡಪ್ಪನಿಗೆ ಇರಲಿಲ್ಲ. ಸ್ಟೀಲ್ ಲೋಟ ಕೊಡುವ ಧೈರ್ಯವೂ ಇರಲಿಲ್ಲ. ಎರಡು ಹೇಡಿತನಗಳ ನಡುವೆ ಮಾರ್ಕೆಟ್ಟು ಒಂದು ಲೋಟ ತಂದುಕೊಟ್ಟಿತು.

ಆದರೆ ಹೋಲದ್ದನ್ನೂ ಹೇಳಬೇಕಲ್ಲ. ಲೂಸಿಯಾನದಲ್ಲಿ 1890ರಲ್ಲಿ ಪ್ರತ್ಯೇಕ ಬೋಗಿಯ ಕಾನೂನು ಬಂತು. ಅದನ್ನು ಪ್ರಶ್ನಿಸಲೆಂದೇ 1892ರಲ್ಲಿ ಹೋಮರ್ ಪ್ಲೆಸ್ಸಿ ಬಿಳಿಯರ ಬೋಗಿಯಲ್ಲಿ ಕೂತರು. ಎಂಟರಲ್ಲಿ ಏಳು ಪಾಲು ಬಿಳಿಯರ ರಕ್ತದವರು ಅವರು. ರೈಲು ಕಂಪನಿಗೆ ಆ ಕಾನೂನು ಬೇಕಿರಲಿಲ್ಲ, ಹೆಚ್ಚುವರಿ ಬೋಗಿ ಅಂದರೆ ಹೆಚ್ಚುವರಿ ಖರ್ಚು. ಆದರೂ 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. 1954ರಲ್ಲಿ ಶಾಲೆಗಳ ಮೊಕದ್ದಮೆಯಲ್ಲಿ ಅದೇ ಕೋರ್ಟು ತಿರುಗಿ ನಿಲ್ಲುವ ತನಕ ಅದೇ ನೆಲದ ಕಾನೂನು. ದಕ್ಷಿಣ ಆಫ್ರಿಕಾದಲ್ಲಂತೂ 1950ರ ಗ್ರೂಪ್ ಏರಿಯಾಸ್ ಆ್ಯಕ್ಟ್ ಯಾರು ಯಾವ ಬೀದಿಯಲ್ಲಿ ಇರಬೇಕೆಂಬುದನ್ನೂ ಬರೆದಿಟ್ಟಿತು. ನಮ್ಮಲ್ಲಿ? 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ಕಾಯಿದೆ ಹೋಟೆಲಿನಲ್ಲಿ ಭೇದ ಮಾಡುವುದನ್ನು ಅಪರಾಧ ಮಾಡಿದೆ. ಅದೇ ಒಂದು ವರ್ಷ, 1950, ಒಂದು ದೇಶದಲ್ಲಿ ಕಾನೂನು ಗೋಡೆ ಕಟ್ಟಿತು, ಇನ್ನೊಂದರಲ್ಲಿ ಕಾನೂನು ಗೋಡೆ ಒಡೆಯಿತು. ಆದರೂ ನಮ್ಮೂರ ಸೂರಿನಲ್ಲಿ ಲೋಟ ಇತ್ತು.

ನನ್ನ ಹದಿನಾಲ್ಕು ಪುಟದ ಪ್ರಬಂಧ ಎಲ್ಲಿ ಸುಳ್ಳಾಗಿತ್ತು ಎಂದು ಆಗ ತಿಳಿಯಿತು. “ಇದು ನಮ್ಮ ಅಪಾರ್ಥೈಡ್” ಎನ್ನುವಾಗ ನಾನು ದೊಡ್ಡ ಧೈರ್ಯದ ಮಾತು ಆಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ನಾನು ದೊಡ್ಡಪ್ಪನನ್ನು ಪಾರುಮಾಡುತ್ತಿದ್ದೆ. ಅಪಾರ್ಥೈಡ್ ಅಂದರೆ ಸರ್ಕಾರ, ಕಾನೂನು, ಪೊಲೀಸು ಕಣ್ಣ ಮುಂದೆ ಬರುತ್ತವೆ. ನಮ್ಮ ಹೋಟ್ಲಿನಲ್ಲಿ ಇದ್ದದ್ದು ದೊಡ್ಡಪ್ಪನ ಕೈ ಮಾತ್ರ. ಆ ಕೈಯಿಂದಲೇ ನಾನು ಸ್ಟೀಲ್ ಲೋಟದಲ್ಲಿ ಟೀ ಕುಡಿದು ಬೆಳೆದವನು. ಯಾವ ಪಾರ್ಲಿಮೆಂಟೂ ರದ್ದು ಮಾಡಲಾಗದ ಕಾನೂನು ಅದು, ಏಕೆಂದರೆ ಯಾರೂ ಮಾಡಿದ್ದಲ್ಲ. ಎಲ್ಲರೂ ಮಾಡಿದ್ದು.

ಒಮ್ಮೆ ರಜೆಗೆ ಹೋದಾಗ ಕೇಳಿಯೇ ಬಿಟ್ಟೆ.

“ಯಾಕ್ ದೊಡ್ಡಪ್ಪ ಹಿಂಗೆ?”

“ನಾನೇನ್ ಮಾಡಾನ ಮಗ,” ಅಂದರು. “ನಂಗೇನೂ ಇಲ್ಲ. ಒಂದೇ ಲೋಟ ಮಾಡುದ್ರೆ ಗಿರಾಕಿ ಹೊಂಟೋಯ್ತವೆ.”

ಅವರ ಮಾತು ಪೂರಾ ಸುಳ್ಳಲ್ಲ. ಅದೇ ಕಷ್ಟ.

ಫ್ರೆಡ್ರಿಕ್‌ಸನ್ ಅವರ ಮುಂದಿನ ದೊಡ್ಡ ಪುಸ್ತಕ ನನ್ನ ಕೈಗೆ ಬಂದದ್ದು ನಾನು ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ ಮೇಲೆ. 1995ರ ‘ಬ್ಲ್ಯಾಕ್ ಲಿಬರೇಷನ್’. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಹಿಂದಿನ ಪುಸ್ತಕಗಳಲ್ಲಿ ತಾವು ನೋಡಿದ್ದು ಬಿಳಿಯರ ಮನಸ್ಸನ್ನು, ಬಿಳಿಯರ ಆಳ್ವಿಕೆಯನ್ನು; ಈಗ ಅದಕ್ಕೆ ಎದುರು ನಿಂತವರ ವಿಚಾರಗಳನ್ನು ನೋಡುತ್ತೇನೆ ಎಂದು ಹೊರಟ ಪುಸ್ತಕ ಅದು. ಅಮೆರಿಕದಲ್ಲಿ 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಮತ್ತು ದಕ್ಷಿಣ ಆಫ್ರಿಕಾದಲ್ಲಿ 1912ರಲ್ಲಿ ಹುಟ್ಟಿ ಮುಂದೆ ಎಎನ್‌ಸಿ ಎಂದು ಹೆಸರಾದ ಸಂಘಟನೆ, ಬ್ಲ್ಯಾಕ್ ಪವರ್ ಮತ್ತು ಸ್ಟೀವ್ ಬಿಕೊ ಅವರ ಕಪ್ಪು ಪ್ರಜ್ಞೆಯ ಚಳವಳಿ, ಹೀಗೆ ಜೋಡಿ ಜೋಡಿಯಾಗಿ ಇಡುತ್ತಾ ಹೋಗುತ್ತಾರೆ. ಈ ವಿಚಾರಗಳು ಸಮುದ್ರ ದಾಟಿ ಒಂದರಿಂದ ಇನ್ನೊಂದಕ್ಕೆ ಹರಿದದ್ದನ್ನೂ ತೋರಿಸುತ್ತಾರೆ.

ಅಲ್ಲಿ ನಮಗೆ ಪರಿಚಯದ ಮುಖವೂ ಸಿಗುತ್ತದೆ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಸಲ್ಪಟ್ಟ ಗಾಂಧಿ ಅಲ್ಲೇ ಸತ್ಯಾಗ್ರಹ ಕಲಿತರು. ಆ ಅಸ್ತ್ರವನ್ನು 1952ರಲ್ಲಿ ದಕ್ಷಿಣ ಆಫ್ರಿಕಾದವರು ಡಿಫೈಯನ್ಸ್ ಚಳವಳಿಯಲ್ಲಿ ಎತ್ತಿಕೊಂಡರು, ಎಂಟು ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. 1955ರಲ್ಲಿ ಮಾಂಟ್‌ಗಮರಿಯ ಕಪ್ಪು ಜನ ಬಸ್ ಬಿಟ್ಟು ನಡೆಯತೊಡಗಿದರು, 381 ದಿನ. ಅಮೆರಿಕದಲ್ಲಿ ಅದು ಗೆದ್ದಿತು. ದಕ್ಷಿಣ ಆಫ್ರಿಕಾದಲ್ಲಿ 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಕೊಂದರು, ಮರುವರ್ಷ ಎಎನ್‌ಸಿಯವರು ಬಂದೂಕಿನ ದಾರಿ ಹಿಡಿದರು. ಯಾಕೆ ಹೀಗೆ? ಅಲ್ಲಿಯವರು ಕಡಿಮೆ ಶೂರರೇ? ಫ್ರೆಡ್ರಿಕ್‌ಸನ್ ಉತ್ತರವನ್ನು ಜನರ ಗುಣದಲ್ಲಿ ಹುಡುಕುವುದಿಲ್ಲ, ಎದುರಿಗಿದ್ದ ಸರ್ಕಾರದಲ್ಲಿ ಹುಡುಕುತ್ತಾರೆ. ಅಮೆರಿಕದ ಚಳವಳಿಗಾರರಿಗೆ ರಾಜ್ಯಗಳ ಮೇಲೆ ಒಂದು ಕೇಂದ್ರ ಸರ್ಕಾರವಿತ್ತು, ಸಮಾನತೆ ಬರೆದಿದ್ದ ಸಂವಿಧಾನದ ತಿದ್ದುಪಡಿಗಳಿದ್ದವು. ದಕ್ಷಿಣ ಆಫ್ರಿಕಾದಲ್ಲಿ ದೂರು ಕೊಡಲು ಮೇಲೆ ಯಾರೂ ಇರಲಿಲ್ಲ. ಹೊಡೆಯುತ್ತಿದ್ದವರೇ ಕೇಂದ್ರ ಸರ್ಕಾರ.

2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ, ಜಾತಿಯನ್ನು ಜನಾಂಗಭೇದದ ಜೊತೆ ಚರ್ಚಿಸಬೇಕು ಎಂದು ದಲಿತ ಸಂಘಟನೆಗಳು ಕೇಳಿದವು, ಜಾತಿ ಅಂದರೆ ಜನಾಂಗವಲ್ಲ ಎಂದು ಭಾರತ ಸರ್ಕಾರ ವಾದಿಸಿತು. ನಮ್ಮ ಸ್ಟಾಫ್ ರೂಮಿನಲ್ಲೂ ಜಗಳವೋ ಜಗಳ. ನನಗೆ ಇಬ್ಬರ ಮಾತೂ ಅರ್ಧ ಅನಿಸಿತು. ಹೋಲಿಕೆ ಈ ನೆಲಕ್ಕೆ ಹೊಸದೇನಲ್ಲ. ಜೋತಿಬಾ ಫುಲೆ 1873ರಲ್ಲೇ ತಮ್ಮ ‘ಗುಲಾಮಗಿರಿ’ಯನ್ನು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದ್ದರು. ಅಂಬೇಡ್ಕರ್ 1946ರಲ್ಲಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಅವರು ಹೋಲಿಸಿದ್ದು ದಾರಿ ಹುಡುಕಲು. ಎರಡೂ ಒಂದೇ ಅಲ್ಲ ಎನ್ನುವುದು ನಿಜವೇ, ಆದರೆ ಒಂದೇ ಅಲ್ಲ ಎಂದು ಹೇಳಿ ಪುಸ್ತಕ ಮುಚ್ಚುವುದಕ್ಕೂ, ಎಲ್ಲಿ ಬೇರೆ ಯಾಕೆ ಬೇರೆ ಎಂದು ಪುಸ್ತಕ ತೆರೆಯುವುದಕ್ಕೂ ಅಜಗಜಾಂತರವಿದೆ. ಮರುವರ್ಷ, 2002ರಲ್ಲಿ, ಫ್ರೆಡ್ರಿಕ್‌ಸನ್ ಅವರ ‘ರೇಸಿಸಂ: ಎ ಶಾರ್ಟ್ ಹಿಸ್ಟರಿ’ ಬಂತು. ಜಿಮ್ ಕ್ರೋ ಕಾಲದ ಅಮೆರಿಕದ ದಕ್ಷಿಣ, ನಾಜಿ ಜರ್ಮನಿ, ಅಪಾರ್ಥೈಡ್ ದಕ್ಷಿಣ ಆಫ್ರಿಕಾ ಮೂರನ್ನೂ ಒಟ್ಟಿಗೆ ಇಟ್ಟ ಸಣ್ಣ ಪುಸ್ತಕ. ಜನಾಂಗಭೇದಕ್ಕೆ ಎರಡು ಕಾಲು, ವ್ಯತ್ಯಾಸ ಮತ್ತು ಅಧಿಕಾರ, ಎನ್ನುತ್ತಾರೆ ಅಲ್ಲಿ. ನಾವು ಬೇರೆ, ಅವರು ಬೇರೆ, ಈ ಬೇರೆತನ ಎಂದೂ ಅಳಿಯದು ಎಂಬ ನಂಬಿಕೆ ಒಂದು. ಆ ನಂಬಿಕೆಯನ್ನು ಅವರ ಮೇಲೆ ಹೇರುವ ಬಲ ಇನ್ನೊಂದು. ನಾನು ದೊಡ್ಡಪ್ಪನ ಗಲ್ಲಾಪೆಟ್ಟಿಗೆಯನ್ನು ನೆನೆದೆ. “ನಂಗೇನೂ ಇಲ್ಲ” ಎಂದಾಗ ಅವರು ಮೊದಲ ಕಾಲನ್ನು ಅಲ್ಲಗಳೆದಿದ್ದರು. ಎರಡನೆಯದು ಅವರ ಕೈಯಲ್ಲೇ ಇತ್ತು.

ಫ್ರೆಡ್ರಿಕ್‌ಸನ್ ತೀರಿಕೊಂಡದ್ದು 2008ರ ಫೆಬ್ರವರಿಯಲ್ಲಿ. ಅದೇ ವರ್ಷ ಅವರ ಕೊನೆಯ ಪುಸ್ತಕಗಳಲ್ಲೊಂದು ಬಂತು, ಗುಲಾಮಗಿರಿ ಮತ್ತು ಜನಾಂಗದ ವಿಷಯದಲ್ಲಿ ಲಿಂಕನ್ ಅವರ ಒಳಗೊಂದು ಹೊರಗೊಂದು ಎಳೆದಾಟದ ಬಗ್ಗೆ. ಅಂದರೆ ಕೊನೆಗೂ ಅವರು ತಮ್ಮ ಮನೆಯವರನ್ನು ಬಿಡಲಿಲ್ಲ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅದೇ ಗೆಳೆಯ ಈಗ ಹೈಸ್ಕೂಲು ಮೇಷ್ಟ್ರು, ಅವನೂ ಬಂದಿದ್ದ. ನಮ್ಮ ಕಾಲದ ಕಾಲೊನಿಯ ಬಗ್ಗೆ, ಅಲ್ಲಿಯ ಜನರ ಬಗ್ಗೆ ಏನಾದರೂ ಬರೆಯಬೇಕು ಅಂದುಕೊಂಡಿದ್ದೇನೆ ಎಂದೆ. ಅವನು ನಕ್ಕ.

“ನಮ್ಮ ಬಗ್ಗೆ ಬರ್ಯಾಕೆ ನಾವು ಇದೀವಿ ಕಣೋ. ಬರ್ದೂ ಇದೀವಿ. ನಿಮ್ಮ ದೊಡ್ಡಪ್ಪ ಒಳಗೆ ಏನ್ ಯೋಚ್ನೆ ಮಾಡ್ತಿದ್ರು ಅಂತ ನಂಗೆ ಹೆಂಗ್ ಗೊತ್ತಾಯ್ತದೆ? ಒಳಗೆ ಕೂತಿದ್ದೋನು ನೀನು.”

ಆ ಮಾತಿಗೆ ನಾನು ಸೂ ಫಾಲ್ಸ್‌ನ ಆ ಮನುಷ್ಯನ ಬಗ್ಗೆ ಹೇಳಿದೆ. ಮಾತಾಡುತ್ತಾ ಬಸ್ ನಿಲ್ಲುವ ಜಾಗಕ್ಕೆ ಬಂದಿದ್ದೆವು. ಹೋಟ್ಲನ್ನು ಈಗ ಅಣ್ಣ ನೋಡಿಕೊಳ್ಳುತ್ತಾನೆ. ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ, ಕಣ್ಣು ಮಂಜು. ಕೊರೊನಾ ಕಾಲದಲ್ಲಿ ಎಲ್ಲರಿಗೂ ಪೇಪರ್ ಲೋಟ ಮಾಡಿದ್ದರಂತೆ. ರೋಗದ ಭಯ ಹೋದ ಮೇಲೆ ಸ್ಟೀಲ್ ಲೋಟ ವಾಪಸು ಬಂದಿತ್ತು. ಯಾರಿಗೆ ಅಂತ ಹೇಳಬೇಕಿಲ್ಲ.

ನಾವಿಬ್ಬರೂ ಒಳಗೆ ಹೋಗಿ ಬೆಂಚಿನ ಮೇಲೆ ಕೂತೆವು. ಒಳಗೆ ಕೂರಬಾರದು ಎಂದು ಈಗ ಯಾರೂ ಹೇಳುವುದಿಲ್ಲ. ಎರಡು ಟೀ ಹೇಳಿದೆ. ಅಣ್ಣ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ಸ್ಟೀಲ್ ಲೋಟಗಳ ಕಡೆ ಹೋದ ಕೈಯನ್ನು ತಡೆದು, ಎರಡು ಪೇಪರ್ ಲೋಟ ತೆಗೆದು ಇಬ್ಬರಿಗೂ ಹೊಯ್ದು ತಂದಿಟ್ಟ.

ಗೆಳೆಯ ಆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದನ್ನ ಯಾವುದಕ್ಕೆ ಹೋಲಿಸ್ತೀಯ, ಮೇಷ್ಟ್ರೇ?” ಅಂದ.

ನಾನು ಎದ್ದು ಹೋಗಿ ಎರಡು ಸ್ಟೀಲ್ ಲೋಟ ತಂದೆ. ಪೇಪರ್ ಲೋಟದಿಂದ ಅದಕ್ಕೆ ಬಗ್ಗಿಸಿಕೊಂಡು ಕುಡಿದೆವು. ಟೀ ಆಗಲೇ ಆರಿತ್ತು. ಮೂಲೆಯಿಂದ ದೊಡ್ಡಪ್ಪ, “ಯಾರ್ ಮಗ ಜೊತೇಲಿ?” ಅಂದರು. ಗೆಳೆಯ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಗಟ್ಟಿಯಾಗಿ ಹೇಳಿದ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ಲೋಟ ಬೋ ಚೆನ್ನಾಗ್ ತೊಳ್ದಿಡೋನು ಕಣಪ್ಪ,” ಅಂದರು.

ಅದು ಹೊಗಳಿಕೆಯೋ, ತಪ್ಪೊಪ್ಪಿಗೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಗೆಳೆಯ ಏನೂ ಹೇಳದೆ ಎದ್ದು, ಸ್ಟೀಲ್ ಲೋಟವನ್ನು ತೊಳೆಯದೆ ಹಾಗೇ ಬೆಂಚಿನ ಮೇಲಿಟ್ಟು ಹೊರಗೆ ನಡೆದ. ನಾನೂ ನನ್ನದನ್ನು ಪಕ್ಕದಲ್ಲೇ ಇಟ್ಟು ಹೊರಟೆ. ಯಾವುದು ಯಾರದ್ದು ಅಂತ ಅಣ್ಣನಿಗೆ ಗೊತ್ತಾಗಿರಲಿಕ್ಕಿಲ್ಲ.